ಮಹಿಳಾ ಅಧ್ಯಯನ: ಕೋಶವೋ, ಕೋರ್ಸೋ, ಕೇಂದ್ರವೋ, ವಿಭಾಗವೋ?

ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ, ಅಡ್ಮಿಷನ್ ಗಲಾಟೆ ಶುರುವಾಗುವ ಮುಂಚೆ, ನನಗೆ ನಾಲ್ಕೈದು ಫೋನ್ ಬರುತ್ತವೆ. “ಮೇಡಂ, ನಮ್ಮ ಕಾಲೇಜಲ್ಲಿ ಮಹಿಳಾ ಅಧ್ಯಯನದ್ದು ಏನಾದರೂ ಶುರು ಮಾಡೋಣ ಅಂತಿದೀವಿ. ಸೆಂಟರ್ ಮಾಡೋದು ಒಳ್ಳೇದಾ, ಸರ್ಟಿಫಿಕೇಟ್ ಕೋರ್ಸ್ ಸಾಕಾ?” ಕೇಳುವವರು ಸಾಮಾನ್ಯವಾಗಿ ಕನ್ನಡದ ಇಲ್ಲವೇ ಸಮಾಜಶಾಸ್ತ್ರದ ಉಪನ್ಯಾಸಕಿಯರು; ಒಮ್ಮೊಮ್ಮೆ, ಕಾಲೇಜುಗಳ ಗುಣಮಟ್ಟ ಅಳೆದು ಶ್ರೇಣಿ ಕೊಡುವ ನ್ಯಾಕ್ ತಂಡದ ಭೇಟಿ ಹತ್ತಿರವಾಗಿ ನಿದ್ದೆಗೆಟ್ಟ ಪ್ರಾಚಾರ್ಯರು. ಫೋನಿನಲ್ಲಿ ಹತ್ತು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೆ ಒಂದೇ ಸಲ ಬರೆದಿಡುತ್ತಿದ್ದೇನೆ.

ನಾನು ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಮಾಜಶಾಸ್ತ್ರ ಪಾಠ ಮಾಡಿದವಳು. ನಾಲ್ಕು ಕಾಲೇಜು ಕಂಡಿದ್ದೇನೆ, ಹೋದಲ್ಲೆಲ್ಲ ಏನಾದರೊಂದು ಶುರು ಮಾಡಿದ್ದೇನೆ. ಅವುಗಳಲ್ಲಿ ನಾನು ಬಿಟ್ಟು ಬಂದ ಮೇಲೂ ಉಳಿದದ್ದು ಎರಡು. ನನ್ನ ಕೆಲಸ ಉಳಿಯದಿದ್ದ ಒಂದು ಕಾಲೇಜಿಗೆ ಕೆಲವು ವರ್ಷಗಳ ನಂತರ ಪರೀಕ್ಷಾ ಕೆಲಸದ ಮೇಲೆ ಹೋಗಿದ್ದಾಗ, ಹಳೆಯ ಮಹಿಳಾ ಕೋಶದ ಬೀರು ತೆಗೆಸಿ ನೋಡಿದೆ. ಒಳಗೆ ಮಾರ್ಚ್ 8ರ ಫ್ಲೆಕ್ಸ್ ಸುತ್ತಿಟ್ಟಿದ್ದರು. ಇಸವಿಯ ಮೇಲೆ ಬಿಳಿ ಕಾಗದ ಅಂಟಿಸಿ ಹೊಸ ಇಸವಿ, ಅದರ ಮೇಲೆ ಇನ್ನೊಂದು ಕಾಗದ, ಇನ್ನೊಂದು ಇಸವಿ. ಉಗುರಿನಿಂದ ಕೆರೆಯುತ್ತಾ ಹೋದರೆ ನಾನಿದ್ದ ವರ್ಷ ಸಿಗುತ್ತಿತ್ತೇನೋ. ಕೆಳಗಿನ ಖಾನೆಯಲ್ಲಿ ನಾನು ಮಕ್ಕಳಿಂದ ಮಾಡಿಸಿದ್ದ ಸಮೀಕ್ಷೆಯ ಹಾಳೆಗಳಿಗೆ ಗೆದ್ದಲು ಹತ್ತಿತ್ತು.

ಆವತ್ತಿನಿಂದ ನಾನು ಮೊದಲು ಕೇಳುವ ಪ್ರಶ್ನೆಯೇ ಬೇರೆ. ಯಾವ ಮಾದರಿ ದೊಡ್ಡದು, ಯಾವುದಕ್ಕೆ ಹೆಸರು ಜಾಸ್ತಿ ಅನ್ನುವುದು ಆಮೇಲಿನ ಮಾತು. ಶುರು ಮಾಡಿದಾಕೆ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಬೇರೆ ಊರು ಹಿಡಿದುಹೋದ ಮರುವರ್ಷವೂ ಅದು ನಡೆಯುತ್ತದಾ?

ಆರಿಸುವ ಮುಂಚೆ ಹಾಕಬೇಕಾದ ಲೆಕ್ಕ

ಮೊದಲನೆಯದು ಗಂಟೆಯ ಲೆಕ್ಕ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ ನೇರ ಬೋಧನೆ. ಮಹಿಳಾ ಅಧ್ಯಯನದ ತರಗತಿ ಈ ಕಾರ್ಯಭಾರದ ಒಳಗೆ ಬರುತ್ತದೋ, ಹೊರಗೆ ಉಳಿಯುತ್ತದೋ? ಒಳಗೆ ಬಂದರೆ ಪಾಠ. ಹೊರಗೆ ಉಳಿದರೆ ಸಮಾಜಸೇವೆ. ಮಾಡುವಾಕೆಯ ಮೊಣಕಾಲು, ಮನೆ, ಮನಸ್ಸು ಮೂರೂ ನೆಟ್ಟಗಿರುವ ತನಕ ನಡೆಯುತ್ತದೆ. ಹೆಂಗಸರ ಕೂಲಿಯಿಲ್ಲದ ದುಡಿಮೆಯ ಬಗ್ಗೆ ಪಾಠ ಮಾಡುವಾಕೆ ಆ ಪಾಠವನ್ನೇ ಕೂಲಿಯಿಲ್ಲದೆ ಮಾಡುತ್ತಿರುತ್ತಾಳೆ ಎಂದು ಸ್ಟಾಫ್ ರೂಮಿನಲ್ಲಿ ಒಮ್ಮೆ ತಮಾಷೆ ಮಾಡಿದ್ದೆ. ಯಾರೂ ನಗಲಿಲ್ಲ.

ಎರಡನೆಯದು ಅಂಕಪಟ್ಟಿ. ಅಂಕ ಬರುವ ಪತ್ರಿಕೆಗೆ ಮಕ್ಕಳು ಮಳೆಯಲ್ಲೂ ಬರುತ್ತಾರೆ, ಬರದ ಪತ್ರಿಕೆಗೆ ಮೂರು ಮುಕ್ಕಾಲರ ಬಸ್ಸೇ ಮುಖ್ಯ. ತಾಲೂಕು ಕಾಲೇಜಿನಲ್ಲಿ ಪಾಠ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ, ಕತ್ತಲಾದರೆ ಮನೆಯಲ್ಲಿ ಮಾತು. ಹೀಗಾಗಿ ಕಾಲೇಜು ಮುಗಿದ ಮೇಲೆ ಇಡುವ ತರಗತಿ ಯಾರಿಗಾಗಿ ಇದೆಯೋ ಆ ಹುಡುಗಿಯರನ್ನೇ ಹೊರಗಿಡುತ್ತದೆ.

ಹಣದ ವಿಷಯಕ್ಕೆ ಬಂದರೆ, ಎಷ್ಟು ಬರುತ್ತದೆ ಎಂಬುದಕ್ಕಿಂತ ಯಾವಾಗ ನಿಲ್ಲುತ್ತದೆ, ನಿಂತಾಗ ಯಾರ ಸಂಬಳ ನಿಲ್ಲುತ್ತದೆ ಎಂದು ಕೇಳಿಕೊಳ್ಳಿ. ಜೊತೆಗೆ ಓದಿಸುವುದಕ್ಕೆ ಕನ್ನಡದಲ್ಲಿ ಏನಿದೆ ಎಂದು ನೋಡಿ. ಇಂಗ್ಲಿಷ್ ಲೇಖನದ ಜೆರಾಕ್ಸ್ ಹಂಚಿ ಚರ್ಚೆ ಮಾಡಿ ಅಂದರೆ ಮಾತಾಡುವವರು ಇಬ್ಬರೋ ಮೂವರೋ, ಅದೂ ಕಾನ್ವೆಂಟಿನಲ್ಲಿ ಓದಿ ಬಂದವರು. ಕೊನೆಯದಾಗಿ ಹುಡುಗರು. ಹುಡುಗಿಯರಷ್ಟೇ ಕೂತು ಕೇಳುವ ಮಹಿಳಾ ಅಧ್ಯಯನಕ್ಕೂ ಅರ್ಧ ತರಗತಿ ಹುಡುಗರಿರುವ ಮಹಿಳಾ ಅಧ್ಯಯನಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಹುಡುಗಿಯರು ಬಾಯಿಬಿಡುತ್ತಾರೆ. ಎರಡನೆಯದರಲ್ಲಿ ಹುಡುಗರು ಬಾಯಿಮುಚ್ಚಿ ಕೇಳುವುದನ್ನು ಕಲಿಯುತ್ತಾರೆ. ನಿಮಗೆ ಈಗ ಯಾವುದು ಬೇಕು ಎಂದು ಮೊದಲೇ ತೀರ್ಮಾನ ಮಾಡಿಕೊಂಡರೆ ಒಳ್ಳೆಯದು.

ಮಹಿಳಾ ಕೋಶ: ಕಡಿಮೆ ಖರ್ಚು, ಕಡಿಮೆ ಓದು

ಬಹುತೇಕ ಕಾಲೇಜುಗಳಲ್ಲಿ ಕಾಗದದ ಮೇಲಾದರೂ ಒಂದು ಮಹಿಳಾ ಸಬಲೀಕರಣ ಕೋಶ ಇರುತ್ತದೆ. ಅನುಮತಿ ಬೇಡ, ಹುದ್ದೆ ಬೇಡ, ಪ್ರಾಚಾರ್ಯರ ಒಂದು ಆದೇಶ ಸಾಕು. ಲಿಂಗ ಸಮಾನತೆಗೆ ಏನು ಮಾಡಿದ್ದೀರಿ ಎಂದು ನ್ಯಾಕ್‌ನ ಏಳನೇ ಮಾನದಂಡ ಕೇಳುತ್ತದಲ್ಲ, ಅಲ್ಲಿಗೆ ಫೋಟೋ, ವರದಿ ಸಿಗುತ್ತದೆ. ಹಾಗೆಂದು ಕೋಶವನ್ನು ನಾನು ಕಡೆಗಣಿಸುವುದಿಲ್ಲ. ಶೌಚಾಲಯಕ್ಕೆ ಚಿಲಕ ಹಾಕಿಸುವುದು, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು, ಮದುವೆ ಗೊತ್ತಾಗಿ ಓದು ನಿಲ್ಲುವ ಹುಡುಗಿಯ ಮನೆಗೆ ಹೋಗಿ ಮಾತಾಡುವುದು, ಇವೆಲ್ಲ ಕೋಶದಿಂದಲೇ ಆಗುವ ಕೆಲಸ. ತಾಲೂಕು ಕಾನೂನು ಸೇವಾ ಸಮಿತಿಗೆ ಪತ್ರ ಬರೆದರೆ ವಕೀಲರು ಪುಕ್ಕಟೆಯಾಗಿ ಬಂದು ಮಾತಾಡುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಆದಾಯ ಎಷ್ಟೇ ಇರಲಿ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಇದೆ. ಈ ಒಂದು ಸಂಗತಿ ಮಕ್ಕಳ ಮೂಲಕ ಮನೆಗೆ ತಲುಪಿದರೂ ಆ ದಿನ ಸಾರ್ಥಕ.

ಆದರೆ ಕೋಶ ಅಂದರೆ ಅಧ್ಯಯನವಲ್ಲ. ಅಲ್ಲಿ ಪಠ್ಯವಿಲ್ಲ, ಓದಿಲ್ಲ, ವಾರವಾರ ಸೇರುವ ಕಟ್ಟುಪಾಡಿಲ್ಲ. ಸಂಚಾಲಕಿ ಬದಲಾದರೆ ರಂಗೋಲಿ ಸ್ಪರ್ಧೆಗೆ ಬಂದು ನಿಲ್ಲುತ್ತದೆ.

ಇನ್ನೊಂದು ಎಚ್ಚರ. ಕೋಶವನ್ನೂ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ದೂರು ಸಮಿತಿಯನ್ನೂ ಒಂದೇ ಮಾಡಬೇಡಿ. ಎರಡೂ ‘ಹೆಂಗಸರ ವಿಷಯ’ ಎಂದು ಒಬ್ಬಳೇ ಉಪನ್ಯಾಸಕಿಯ ತಲೆಗೆ ಕಟ್ಟುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ದೂರು ಸಮಿತಿ 2013ರ ಕಾಯ್ದೆಯಡಿ ಬರುವ ಶಾಸನಬದ್ಧ ಸಮಿತಿ. ಹಿರಿಯ ಮಹಿಳೆಯೇ ಅಧ್ಯಕ್ಷೆಯಾಗಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು, ಹೊರಗಿನ ಒಬ್ಬ ಸದಸ್ಯರಿರಬೇಕು. ಸಮಿತಿ ರಚಿಸದ ಸಂಸ್ಥೆಗೆ 50,000 ರೂಪಾಯಿವರೆಗೆ ದಂಡವಿದೆ. ಉನ್ನತ ಶಿಕ್ಷಣ ಸಂಸ್ಥೆಗಳಿಗೆಂದೇ ಯುಜಿಸಿಯ ಪ್ರತ್ಯೇಕ ನಿಯಮಾವಳಿ 2016ರಲ್ಲಿ ಬಂತು. ಬೆಳಿಗ್ಗೆ ಮೈಕು ಹಿಡಿದು ಕಾರ್ಯಕ್ರಮ ನಿರೂಪಿಸಿದಾಕೆಯ ಹತ್ತಿರವೇ ಮಧ್ಯಾಹ್ನ ಗುಟ್ಟಿನ ದೂರು ತಂದುಕೊಡು ಅಂದರೆ ಯಾವ ಹುಡುಗಿ ಬರುತ್ತಾಳೆ?

ಸರ್ಟಿಫಿಕೇಟ್ ಕೋರ್ಸ್: 30 ಗಂಟೆಯಲ್ಲಿ ಏನಾದೀತು

ಬಹಳಷ್ಟು ಕಾಲೇಜುಗಳಿಗೆ ನಾನು ಹೇಳುವ ಮೊದಲ ಮೆಟ್ಟಿಲು ಇದು. 30 ಗಂಟೆ ಇಟ್ಟುಕೊಂಡರೆ ನ್ಯಾಕ್ ಲೆಕ್ಕಕ್ಕೂ ಬರುತ್ತದೆ, ಒಂದು ಸೆಮಿಸ್ಟರಿನಲ್ಲಿ ವಾರಕ್ಕೆ ಎರಡು ತರಗತಿಯಂತೆ ಮುಗಿಯುತ್ತದೆ. ವಿಶ್ವವಿದ್ಯಾಲಯದ ಪಠ್ಯಕ್ಕೆ ಒಳಪಟ್ಟ ಸಂಯೋಜಿತ ಕಾಲೇಜಾದರೂ ಈ ಕೋರ್ಸಿನ ಪಠ್ಯವನ್ನು ನೀವೇ ಬರೆದುಕೊಳ್ಳಬಹುದು; ವಿಶ್ವವಿದ್ಯಾಲಯದ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ, ಬೇಕಿದ್ದರೆ ಲಿಖಿತವಾಗಿ ಪಡೆದಿಟ್ಟುಕೊಳ್ಳಿ.

ಖರ್ಚಿನ ಲೆಕ್ಕ ಸರಳ. ಅರ್ಧದಷ್ಟು ತರಗತಿ ನಿಮ್ಮ ಉಪನ್ಯಾಸಕರೇ ತೆಗೆದುಕೊಂಡು, ಉಳಿದ 15ಕ್ಕೆ ಹೊರಗಿನವರನ್ನು ಗಂಟೆಗೆ 500 ರೂಪಾಯಿಯಂತೆ ಕರೆದರೆ 7,500. ಜೆರಾಕ್ಸು, ಒಂದು ದಿನದ ಕ್ಷೇತ್ರ ಭೇಟಿ, ಪ್ರಮಾಣಪತ್ರದ ಅಚ್ಚು ಸೇರಿ ಇನ್ನೊಂದು ಆರೇಳು ಸಾವಿರ. 40 ಮಕ್ಕಳಿಂದ ತಲಾ 300 ತೆಗೆದುಕೊಂಡರೆ 12,000 ಬಂತು, ಉಳಿದದ್ದನ್ನು ಕಾಲೇಜು ಅಭಿವೃದ್ಧಿ ಸಮಿತಿಯಿಂದ ಕೇಳಬಹುದು. ಶುಲ್ಕವೇ ಬೇಡ ಅನ್ನುವವರಿದ್ದಾರೆ. ನನ್ನ ಅನುಭವದಲ್ಲಿ ಚಿಕ್ಕದಾದರೂ ಶುಲ್ಕ ಇಡುವುದು ಮೇಲು, ದುಡ್ಡು ಕೊಟ್ಟ ತರಗತಿಯನ್ನು ಮಕ್ಕಳು ಬೇಗ ಬಿಡುವುದಿಲ್ಲ. ಕೊಡಲಾಗದ ಹುಡುಗಿಯದನ್ನು ಸ್ಟಾಫ್ ರೂಮಿನಲ್ಲಿ ಯಾರಾದರೂ ಸದ್ದಿಲ್ಲದೆ ಕಟ್ಟುತ್ತಾರೆ.

ಈ ಮಾದರಿಯ ದೊಡ್ಡ ಲಾಭ ಸ್ವಾತಂತ್ರ್ಯ. ಮೂರು ತಾಸಿನ ಪರೀಕ್ಷೆಗೆ ಹೊಂದದ ಪಾಠವನ್ನೂ ಇಲ್ಲಿ ಮಾಡಬಹುದು. ನಾನು ಪ್ರತಿ ಸಲ ಮಾಡುತ್ತಿದ್ದ ಒಂದನ್ನು ಹೇಳುತ್ತೇನೆ. ಎರಡನೇ ವಾರ ಎಲ್ಲರಿಗೂ ಮನೆಯಿಂದ ಪಹಣಿ ತರಲು ಹೇಳುವುದು. ಜಮೀನಿಲ್ಲದ ಮನೆಯವರು ಕರೆಂಟ್ ಬಿಲ್ಲನ್ನೋ ಮನೆ ಕಂದಾಯದ ರಸೀತಿಯನ್ನೋ ತರಬೇಕು. ಪಹಣಿಯ ಒಂಬತ್ತನೇ ಕಲಮಿನಲ್ಲಿ ಯಾರ ಹೆಸರಿದೆ ಎಂದು ಒಬ್ಬೊಬ್ಬರೇ ಎದ್ದು ಓದಬೇಕು. ಇಂಥವರು ಬಿನ್ ಇಂಥವರು, ಅಂದರೆ ಇಂಥವರ ಮಗ; ಬಿನ್, ಬಿನ್, ಬಿನ್. ಎಲ್ಲೋ ಒಂದು ಕಡೆ ಕೋಂ, ಅಂದರೆ ಇಂಥವರ ಹೆಂಡತಿ, ಎಂದು ಬರುತ್ತದೆ. ಬಂದಾಗ ಕೇಳಬೇಕು, “ಅವರ ಯಜಮಾನರು?” ಹೆಚ್ಚಿನ ಸಲ ಉತ್ತರ “ತೀರಿಕೊಂಡಿದಾರೆ ಮಿಸ್” ಎಂದೇ. ಮಗಳು ಅನ್ನುವ ಕಾರಣಕ್ಕೆ ಹೆಸರು ಸೇರಿದ ಪಹಣಿ ಬೆರಳೆಣಿಕೆಗೂ ಸಿಗುತ್ತಿರಲಿಲ್ಲ.

ಅಷ್ಟಾದ ಮೇಲೆ ಕಾನೂನಿನ ಪಾಠ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು. ಅದಕ್ಕೂ ಮುಂಚೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಮಾತ್ರ ಹೊರಗಿಟ್ಟಿತ್ತು. ಇಡೀ ದೇಶಕ್ಕೆ ಇಂಥ ಹಕ್ಕು ಬಂದದ್ದು 2005ರಲ್ಲಿ. ಹಾಗಾದರೆ ಪಹಣಿಯಲ್ಲಿ ಏಕೆ ಕಾಣುತ್ತಿಲ್ಲ? ತರಗತಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆಮೇಲೆ ಯಾರಾದರೂ ಹೇಳುತ್ತಾರೆ: ಸೋದರತ್ತೆಯನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ದಿನ, ಬರುವಾಗ ಸೀರೆ ಕೊಡಿಸಿದ್ದು, ಊರಬಾಗಿಲಿನ ಹೋಟೆಲಿನಲ್ಲಿ ಎಲ್ಲರಿಗೂ ಮಸಾಲೆ ದೋಸೆ ತಿನ್ನಿಸಿದ್ದು. ತವರು ಬೇಕಲ್ಲ ಮಿಸ್, ಭಾಗ ಕೇಳಿದರೆ ಗೌರಿ ಹಬ್ಬಕ್ಕೆ ಯಾರು ಬಾಗಿನ ಕಳಿಸ್ತಾರೆ? ಒಮ್ಮೆ ಒಬ್ಬ ಹುಡುಗ, ಅದುವರೆಗೆ ಕೊನೆಯ ಬೆಂಚಿನಲ್ಲಿ ಫೋನ್ ನೋಡುತ್ತಿದ್ದವನು, ತಾನು ತಂದ ಪಹಣಿಯನ್ನು ಮಡಚಿ ಜೇಬಿಗಿಟ್ಟುಕೊಂಡು, “ನಮ್ಮಕ್ಕನ ಸೈನೂ ಹೋದ್ವರ್ಷ ಹಾಕಿಸಿದ್ವಿ” ಅಂದ. ಅಷ್ಟೇ ಅಂದ. ಹುಡುಗರೂ ಬರಲಿ ಎಂದು ನಾನು ಹಟ ಹಿಡಿಯಲು ಆ ಮಧ್ಯಾಹ್ನವೂ ಒಂದು ಕಾರಣ.

ಇದರ ದೌರ್ಬಲ್ಯವನ್ನೂ ಹೇಳಿಬಿಡುತ್ತೇನೆ. ಸರ್ಟಿಫಿಕೇಟ್ ಕೋರ್ಸು ಒಬ್ಬಳ ಉತ್ಸಾಹದ ಮೇಲೆ ನಿಂತಿರುತ್ತದೆ. ಅಂಕಪಟ್ಟಿಯಲ್ಲಿ ಬರುವುದಿಲ್ಲ, ಕಾರ್ಯಭಾರಕ್ಕೆ ಸೇರುವುದಿಲ್ಲ. ಎರಡು ವರ್ಷ ಚೆನ್ನಾಗಿ ನಡೆದರೆ ಆಗಲೇ ಮುಂದಿನ ಮೆಟ್ಟಿಲು ಹತ್ತಿಸಬೇಕು, ಇಲ್ಲವಾದರೆ ಅದೂ ಬೀರು ಸೇರುತ್ತದೆ.

ಪತ್ರಿಕೆಯಾಗಿ ಒಳಗೆ ಸೇರಿಸುವುದು

ನಾನು ಬಿಟ್ಟು ಬಂದ ಮೇಲೂ ಉಳಿದ ಎರಡೂ ಈ ಜಾತಿಯವು. ಹೊಸ ಬೋರ್ಡು ಹಾಕದೆ, ಈಗಾಗಲೇ ಇರುವ ಸಮಾಜಶಾಸ್ತ್ರ, ಕನ್ನಡ, ಇತಿಹಾಸ, ಅರ್ಥಶಾಸ್ತ್ರದ ಪದವಿಯೊಳಗೆ ಒಂದು ಪೂರ್ಣ ಪತ್ರಿಕೆಯಾಗಿ ಮಹಿಳಾ ಅಧ್ಯಯನವನ್ನು ತರುವುದು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದ್ದೂ ಇದನ್ನೇ, ಬೇರೆಬೇರೆ ಕೋರ್ಸುಗಳ ಭಾಗವಾಗಿ ಮಹಿಳಾ ಅಧ್ಯಯನವನ್ನು ಬೆಳೆಸಬೇಕು ಎಂದು.

ಪತ್ರಿಕೆಯಾಗಿ ಬಂದರೆ ಗಂಟೆ ಕಾರ್ಯಭಾರಕ್ಕೆ ಸೇರುತ್ತದೆ, ಅಂಕ ಅಂಕಪಟ್ಟಿಗೆ ಸೇರುತ್ತದೆ, ನೀವು ವರ್ಗವಾದರೆ ಆ ಜಾಗಕ್ಕೆ ಬಂದವರು, ಇಷ್ಟವಿರಲಿ ಬಿಡಲಿ, ಅದನ್ನು ಪಾಠ ಮಾಡಲೇಬೇಕು. ಇಷ್ಟವಿಲ್ಲದವರು ಮಾಡುವ ಪಾಠ ಹೇಗಿರುತ್ತದೆ ಎಂದು ಕೇಳಬಹುದು. ಕೆಟ್ಟದಾಗಿಯೇ ಇರಬಹುದು. ಆದರೂ ಕೆಟ್ಟದಾಗಿ ಪಾಠವಾದ ಪುಸ್ತಕ ಮಕ್ಕಳ ಕೈಯಲ್ಲಿ ಉಳಿದಿರುತ್ತದೆ, ಅದರಲ್ಲಿ ಒಬ್ಬಳಾದರೂ ಮನೆಯಲ್ಲಿ ಕೂತು ಓದಿಕೊಳ್ಳುತ್ತಾಳೆ. ಬೀರುವಿನ ಗೆದ್ದಲಿಗಿಂತ ಅದೇ ವಾಸಿ.

ತೊಡಕು ಇರುವುದು ಪಠ್ಯಕ್ರಮದ ಕೀಲಿಕೈ ಯಾರ ಕೈಲಿದೆ ಎಂಬಲ್ಲಿ. ಸ್ವಾಯತ್ತ ಕಾಲೇಜಾದರೆ ನಿಮ್ಮದೇ ಅಧ್ಯಯನ ಮಂಡಳಿ, ಒಂದು ವರ್ಷದಲ್ಲಿ ಆಗುವ ಕೆಲಸ. ಸಂಯೋಜಿತ ಕಾಲೇಜಾದರೆ ವಿಶ್ವವಿದ್ಯಾಲಯದ ಮಂಡಳಿಯವರನ್ನು ಒಪ್ಪಿಸಬೇಕು. ಪಠ್ಯ ಪರಿಷ್ಕರಣೆಯ ವರ್ಷ ಹಿಡಿದು, ಮೂರ್ನಾಲ್ಕು ಕಾಲೇಜಿನವರು ಸೇರಿ, ಬರಿಯ ಮನವಿ ಕೊಡದೆ ಘಟಕವಾರು ಪಠ್ಯ, ಓದಬೇಕಾದ ಪುಸ್ತಕದ ಪಟ್ಟಿ, ಮಾದರಿ ಪ್ರಶ್ನೆಪತ್ರಿಕೆ ಮೂರನ್ನೂ ಸಿದ್ಧ ಮಾಡಿ ಕೊಡಿ. ಸಿದ್ಧ ಅಡುಗೆ ಮುಂದಿಟ್ಟರೆ ಮಂಡಳಿಗೆ ಬೇಡ ಅನ್ನಲು ಕಷ್ಟ.

ಇನ್ನೊಂದು ಅಪಾಯವೂ ಉಂಟು: ವ್ಯವಸ್ಥೆಯೇ ಬದಲಾಗುವುದು. 2021-22ರಲ್ಲಿ ಹೊಸ ಶಿಕ್ಷಣ ನೀತಿ ನಮ್ಮ ರಾಜ್ಯದಲ್ಲಿ ಜಾರಿಯಾದಾಗ ಓಪನ್ ಎಲೆಕ್ಟಿವ್ ಎಂಬ ಬಾಗಿಲು ತೆರೆಯಿತು. ಬಿ.ಕಾಂ., ಬಿ.ಎಸ್ಸಿ. ಮಕ್ಕಳೂ ಮಹಿಳಾ ಅಧ್ಯಯನದ ಪತ್ರಿಕೆ ಆರಿಸಿಕೊಳ್ಳಬಹುದು ಎಂದು ಎಷ್ಟೋ ಜನ ಕಷ್ಟಪಟ್ಟು ಪಠ್ಯ ಬರೆದೆವು. 2024-25ಕ್ಕೆ ರಾಜ್ಯ ಆ ನೀತಿ ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು, ಚೌಕಟ್ಟು ಮತ್ತೆ ಬದಲಾಯಿತು. ಇದರಿಂದ ನಾನು ಕಲಿತದ್ದಿಷ್ಟು: ಓಪನ್ ಎಲೆಕ್ಟಿವ್ ಸಿಕ್ಕರೆ ಬಿಡಬೇಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಯಾವುದಾದರೊಂದು ಮುಖ್ಯ ವಿಷಯದ ಒಳಗೆ ಬೇರು ಬಿಟ್ಟ ಪತ್ರಿಕೆ ನೀತಿ ಬದಲಾದರೂ ಉಳಿದುಕೊಳ್ಳುವ ಸಾಧ್ಯತೆ ಹೆಚ್ಚು.

ಕೇಂದ್ರ: ಬೋರ್ಡಿನ ಮೋಹ

ಮಹಿಳಾ ಅಧ್ಯಯನ ಕೇಂದ್ರ ಅನ್ನುವ ಹೆಸರಿಗೆ ಗತ್ತಿದೆ, ಅದಕ್ಕೊಂದು ಇತಿಹಾಸವೂ ಇದೆ. 1971ರಲ್ಲಿ ನೇಮಕವಾದ ರಾಷ್ಟ್ರೀಯ ಸಮಿತಿ ಭಾರತದ ಹೆಂಗಸರ ಸ್ಥಿತಿಗತಿಯ ವರದಿಯನ್ನು 1974ರಲ್ಲಿ ಕೊಟ್ಟಿತು. ಸ್ವಾತಂತ್ರ್ಯ ಬಂದು ಕಾಲು ಶತಮಾನವಾದರೂ ಹೆಣ್ಣುಗಂಡಿನ ಅನುಪಾತ, ದುಡಿಮೆ, ರಾಜಕೀಯ ಪಾಲು ಎಲ್ಲದರಲ್ಲೂ ಹೆಂಗಸರು ಹಿಂದೆ ಸರಿಯುತ್ತಿದ್ದಾರೆ ಎಂದು ಅದು ತೋರಿಸಿದ್ದು ವಿಶ್ವವಿದ್ಯಾಲಯಗಳಿಗೆ ಮುಖಕ್ಕೆ ನೀರೆರಚಿದಂತಾಯಿತು. ಆಗ ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ನೀರಾ ದೇಸಾಯಿಯವರ ಮುಂದಾಳತ್ವದಲ್ಲಿ ಸಂಶೋಧನಾ ಘಟಕ ಶುರುವಾಯಿತು. 1981ರಲ್ಲಿ ಅಲ್ಲೇ ಮೊದಲ ರಾಷ್ಟ್ರೀಯ ಸಮ್ಮೇಳನ, ಮರುವರ್ಷ ಭಾರತೀಯ ಮಹಿಳಾ ಅಧ್ಯಯನ ಸಂಘ. ಯುಜಿಸಿ ಏಳನೇ ಪಂಚವಾರ್ಷಿಕ ಯೋಜನೆಯ ಕಾಲದಿಂದ ಕೇಂದ್ರಗಳಿಗೆ ಹಣ ಕೊಡಲು ತೊಡಗಿತು. ಬೋಧನೆ, ಸಂಶೋಧನೆ, ತರಬೇತಿ, ವಿಸ್ತರಣೆ ನಾಲ್ಕೂ ನಡೆಯಬೇಕು ಎಂಬುದು ಆಶಯ.

ಒಳ್ಳೆಯ ಕೇಂದ್ರವಿದ್ದರೆ ಬೇರೆ ಯಾವ ಮಾದರಿಯೂ ಕೊಡದ ಒಂದನ್ನು ಅದು ಕೊಡುತ್ತದೆ, ಊರಿನ ಬಗ್ಗೆ ಹೊಸ ತಿಳಿವಳಿಕೆ. ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್ ಹುಡುಗಿಯರು, ಕರಾವಳಿಯಲ್ಲಿ ಬೀಡಿ ಕಟ್ಟುವವರು, ಬೆಳಗಾವಿ, ವಿಜಯಪುರ ಕಡೆಯ ಮಾಜಿ ದೇವದಾಸಿಯರು, 1987ರಷ್ಟು ಹಿಂದೆಯೇ ಶೇ. 25 ಮೀಸಲಾತಿಯಲ್ಲಿ ಗೆದ್ದು ಮಂಡಲ ಪಂಚಾಯ್ತಿಗೆ ಹೋದ ಹೆಂಗಸರು. ಇವರ ಮಾತನ್ನು ಕೂತು ಕೇಳಿ ಬರೆದಿಡಲು 30 ಗಂಟೆಯ ಕೋರ್ಸಿಗೆ ಪುರುಸೊತ್ತಿಲ್ಲ. ಅದು ಕೇಂದ್ರದ ಕೆಲಸ.

ಆದರೆ ಅನುದಾನ ಪಂಚವಾರ್ಷಿಕ ಯೋಜನೆಯ ಜೊತೆ ಬಂದದ್ದು, ಯೋಜನೆಯ ಜೊತೆಗೇ ನಡುಗಿತು. 12ನೇ ಯೋಜನೆ 2017ರ ಮಾರ್ಚಿಗೆ ಮುಗಿದಾಗ ಹಣ ಮುಂದುವರಿಯುತ್ತದೋ ಇಲ್ಲವೋ ಎಂಬ ಆತಂಕ ದೇಶದ ಎಷ್ಟೋ ಕೇಂದ್ರಗಳನ್ನು ಕಾಡಿತು. ಗುತ್ತಿಗೆಯ ಮೇಲಿದ್ದ ಸಂಶೋಧಕಿಯರಿಗೆ ಅದು ಸಂಬಳದ ಪ್ರಶ್ನೆ. ವಿಶ್ವವಿದ್ಯಾಲಯ ತನ್ನದೇ ಹುದ್ದೆಗಳನ್ನು ಕೊಟ್ಟ ಕಡೆ ಕೇಂದ್ರ ಗಟ್ಟಿ, ಯೋಜನೆಯ ಹಣವನ್ನೇ ನೆಚ್ಚಿದ ಕಡೆ ಪ್ರತಿ ಏಪ್ರಿಲ್ಲಿಗೂ ಎದೆ ಢವಢವ.

ಹಾಗಾಗಿ ಪದವಿ ಕಾಲೇಜುಗಳಿಗೆ ನನ್ನ ಮಾತು ಖಡಾಖಂಡಿತ. ಒಂದು ಕಾಯಂ ಹುದ್ದೆ, ಬೀಗ ಹಾಕಬಹುದಾದ ಒಂದು ಕೋಣೆ, ಮೂರು ವರ್ಷದ ಖರ್ಚು ಇಷ್ಟಿಲ್ಲದೆ ಕೇಂದ್ರ ಶುರು ಮಾಡಬೇಡಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಹಾಗಾಗುತ್ತದೆ. ಯಾರಾದರೂ ಒಂದು ಸಂಶೋಧನಾ ಯೋಜನೆಗೆ ಹಣ ಕೊಟ್ಟರೆ ಅದನ್ನು ಸಮಾಜಶಾಸ್ತ್ರ ವಿಭಾಗದ ಹೆಸರಿನಲ್ಲೇ ಮಾಡಿ, ಬಳಕೆ ಪ್ರಮಾಣಪತ್ರವನ್ನು ಹೊತ್ತಿಗೆ ಸರಿಯಾಗಿ ಕಳಿಸಿ. ಇಂಥ ಒಂದೇ ಒಂದು ಪ್ರಮಾಣಪತ್ರ ಬಾಕಿ ಉಳಿಸಿಕೊಂಡು ಮುಂದಿನ ಐದು ವರ್ಷ ಕೈ ಹಿಸುಕಿಕೊಂಡವರನ್ನು ಬಲ್ಲೆ.

ಪೂರ್ಣ ವಿಭಾಗ, ಎಂ.ಎ. ಪದವಿ

ಇದು ವಿಶ್ವವಿದ್ಯಾಲಯ ಮಟ್ಟದ ಮಾತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ವಿಭಾಗವಿದೆ. ಈ ವಿಷಯವನ್ನು ಕನ್ನಡದಲ್ಲಿ ಯೋಚಿಸಿ ಬರೆಯಬೇಕು ಅನ್ನುವವರು ನೋಡಬೇಕಾದ ಜಾಗ. ವಿಜಯಪುರದಲ್ಲಿ 2003ರಲ್ಲಿ ಶುರುವಾಗಿ ಈಗ ಅಕ್ಕಮಹಾದೇವಿಯ ಹೆಸರು ಹೊತ್ತಿರುವ ರಾಜ್ಯ ಮಹಿಳಾ ವಿಶ್ವವಿದ್ಯಾಲಯದಲ್ಲೂ ಇದೊಂದು ಸ್ನಾತಕೋತ್ತರ ವಿಭಾಗ. ಹೊರಗೆ ಓದಲು ಕಳಿಸದ ಮನೆಗಳು ‘ಲೇಡೀಸ್ ಯೂನಿವರ್ಸಿಟಿ’ ಅಂದರೆ ಕಳಿಸುತ್ತವೆ. ಉತ್ತರ ಕರ್ನಾಟಕದಲ್ಲಿ ಇದು ಸಣ್ಣ ಸಂಗತಿಯಲ್ಲ. ಹುಡುಗರಿಗೆ ಮಾತ್ರ ಆ ಬಾಗಿಲಿಲ್ಲ.

ಪೂರ್ಣ ವಿಭಾಗವಿದ್ದಲ್ಲಿ ಆಳವಿದೆ. ಸಿದ್ಧಾಂತ, ಸಂಶೋಧನಾ ವಿಧಾನ, ಕಾನೂನು, ಅರ್ಥಶಾಸ್ತ್ರ, ಸಾಹಿತ್ಯ ಒಂದೇ ಸೂರಿನಡಿ. ಕಾಲೇಜು ಅಧ್ಯಾಪಕರ ಅರ್ಹತೆಗೆ ನಡೆಯುವ ಎನ್‌ಇಟಿ ಪರೀಕ್ಷೆಯಲ್ಲಿ ಮಹಿಳಾ ಅಧ್ಯಯನ ಪ್ರತ್ಯೇಕ ವಿಷಯ, ಫೆಲೋಶಿಪ್ಪಿಗೂ ದಾರಿ. ಆದರೆ ಕೆಲಸದ ಪ್ರಶ್ನೆ ಬಂದಾಗ ಮಕ್ಕಳಿಗೆ ಸುಳ್ಳು ಹೇಳಬಾರದು. ಪದವಿ ಕಾಲೇಜುಗಳಲ್ಲಿ ಈ ವಿಷಯದ ಹೆಸರಿನಲ್ಲಿ ಮಂಜೂರಾದ ಹುದ್ದೆ ಅಪರೂಪ. ಸ್ವಯಂಸೇವಾ ಸಂಸ್ಥೆ, ಸಂಶೋಧನಾ ಯೋಜನೆ, ನೊಂದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರದಂಥ ಕಡೆ ಕೆಲಸ ಸಿಗುತ್ತದೆ, ಸಂಬಳ ಅಷ್ಟಕ್ಕಷ್ಟೆ. ಬಡ ಮನೆಯಿಂದ ಬಂದ ಮೊದಲ ತಲೆಮಾರಿನ ಹುಡುಗಿ ಕೇಳಿದರೆ, ಸಮಾಜಶಾಸ್ತ್ರ, ಸಮಾಜಕಾರ್ಯ ಅಥವಾ ಕನ್ನಡದಲ್ಲಿ ಎಂ.ಎ. ಮಾಡಿ, ಮಹಿಳಾ ಅಧ್ಯಯನವನ್ನು ಅದರ ಪಕ್ಕದಲ್ಲಿ ಇಟ್ಟುಕೋ ಅನ್ನುತ್ತೇನೆ. ಪಿಎಚ್‌.ಡಿ. ಮಾಡಿಯೇ ತೀರುತ್ತೇನೆ ಅನ್ನುವ ಹುಡುಗಿಗೆ ನೇರವಾಗಿ ಅಲ್ಲಿಗೇ ಹೋಗು ಅನ್ನುತ್ತೇನೆ. ಈ ಎರಡು ಸಲಹೆಗಳ ನಡುವೆ ಇರುವುದು ಬುದ್ಧಿಯ ಅಂತರವಲ್ಲ, ಮನೆಯವರು ಎಷ್ಟು ವರ್ಷ ಕಾಯಬಲ್ಲರು ಎಂಬುದರ ಅಂತರ.

ದೂರಶಿಕ್ಷಣ, ಆನ್‌ಲೈನ್

ಕಾಲೇಜು ಏನೂ ಮಾಡದಿದ್ದರೂ ಒಬ್ಬಳೇ ಓದಿಕೊಳ್ಳುವ ದಾರಿಯಿದು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) ಮಹಿಳಾ ಮತ್ತು ಲಿಂಗತ್ವ ಅಧ್ಯಯನದ ಸ್ನಾತಕೋತ್ತರ ಡಿಪ್ಲೊಮಾ, ಎಂ.ಎ. ಎರಡೂ ಇವೆ. ಪಾಠಗಳು ಇ-ಜ್ಞಾನಕೋಶ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. 2022ರಿಂದ ಒಟ್ಟಿಗೆ ಎರಡು ಪದವಿ ಓದಲು ಯುಜಿಸಿ ಅವಕಾಶ ಕೊಟ್ಟಿರುವುದರಿಂದ, ರೆಗ್ಯುಲರ್ ಎಂ.ಎ. ಕನ್ನಡದ ಜೊತೆಗೇ ಇದನ್ನು ಮಾಡಿಕೊಳ್ಳಬಹುದು. ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ತಾಣದ ಕೋರ್ಸುಗಳಿಂದ ಒಂದು ಸೆಮಿಸ್ಟರಿನ ಶೇ. 40ರವರೆಗೆ ಕ್ರೆಡಿಟ್ ಪಡೆಯಲು ಯುಜಿಸಿಯ 2021ರ ನಿಯಮ ಬಿಡುತ್ತದೆ, ನಿಮ್ಮ ವಿಶ್ವವಿದ್ಯಾಲಯ ಒಪ್ಪಿಕೊಂಡಿದ್ದರೆ.

ತೊಂದರೆ ಭಾಷೆಯದು, ಬಹುಪಾಲು ಇಂಗ್ಲಿಷ್. ಇನ್ನೊಂದು ತೊಂದರೆ, ಒಬ್ಬಳೇ ಕೂತು ಓದುವಾಗ ಪಹಣಿ ಓದಿಸುವವರಿಲ್ಲ, ಕೊನೆಯ ಬೆಂಚಿನ ಹುಡುಗನೂ ಇಲ್ಲ. ಆದರೆ ಪಾಠ ಮಾಡಬೇಕಾದ ಉಪನ್ಯಾಸಕಿಗೆ ಇದಕ್ಕಿಂತ ಒಳ್ಳೆಯ ತಯಾರಿಯಿಲ್ಲ. ಕೋರ್ಸು ಶುರು ಮಾಡುವ ಹಿಂದಿನ ವರ್ಷ ಇಬ್ಬರು ಉಪನ್ಯಾಸಕರು, ಸಾಧ್ಯವಾದರೆ ಒಬ್ಬರು ಗಂಡಸರು, ಡಿಪ್ಲೊಮಾ ಮಾಡಿಕೊಂಡುಬಿಟ್ಟರೆ ನಿಮ್ಮ ಕಾಲೇಜಿಗೆ ಹೊರಗಿನವರ ಹಂಗು ಅರ್ಧ ತಪ್ಪುತ್ತದೆ.

ಹಾಗಾದರೆ ನಿಮ್ಮ ಪರಿಸ್ಥಿತಿಗೆ ಯಾವುದು?

ತಾಲೂಕು ಕೇಂದ್ರದ ಸರ್ಕಾರಿ ಕಾಲೇಜು, ಹಣವಿಲ್ಲ, ಅರ್ಧಕ್ಕರ್ಧ ಅತಿಥಿ ಉಪನ್ಯಾಸಕರು. ಹೀಗಿದ್ದರೆ ಕೋಶವನ್ನು ಜೀವಂತವಾಗಿಡಿ, ಅದರಡಿ 30 ಗಂಟೆಯ ಕೋರ್ಸು ಮಾಡಿ, ಮಧ್ಯಾಹ್ನ ಊಟದ ಮುಂಚಿನ ಗಂಟೆಯಲ್ಲಿಡಿ. ಅತಿಥಿ ಉಪನ್ಯಾಸಕಿಯ ತಲೆಗೆ ಪುಕ್ಕಟೆ ಕೆಲಸ ಕಟ್ಟಬೇಡಿ. ಗಂಟೆಗೆ ದುಡ್ಡು ಕೊಡಲಾಗದಿದ್ದರೆ ಗಂಟೆ ಕಡಿಮೆ ಮಾಡಿ.

ಪೇಟೆಯ ಸ್ವಾಯತ್ತ ಕಾಲೇಜು, ಆಡಳಿತ ಮಂಡಳಿ ಒಂದೆರಡು ಲಕ್ಷ ಕೊಡಲು ತಯಾರು. ಆ ದುಡ್ಡಿನಲ್ಲಿ ಕೇಂದ್ರದ ಉದ್ಘಾಟನೆ ಮಾಡಬೇಡಿ. ಎರಡು ವಿಷಯಗಳಲ್ಲಿ ಪತ್ರಿಕೆ ತನ್ನಿ, ಗ್ರಂಥಾಲಯಕ್ಕೆ ಕನ್ನಡ ಪುಸ್ತಕ ತರಿಸಿ, ಪ್ರತಿ ವರ್ಷ ಒಂದು ಸಣ್ಣ ಊರು-ಅಧ್ಯಯನಕ್ಕೆ ಹಣ ಎತ್ತಿಡಿ. ಹೆಸರಿನ ವಿಚಾರಕ್ಕೆ ಕೆಲವರು ‘ಲಿಂಗತ್ವ ಅಧ್ಯಯನ’ ಎಂದಿಡಲು ಹೇಳುತ್ತಾರೆ, ಹುಡುಗರು ಬರಲಿ ಎಂದು. ಬರುತ್ತಾರೆ, ನಿಜ. ಆದರೆ ಹೆಸರು ಬದಲಾದ ಮೇಲೆ ಪಾಠದಲ್ಲಿ ಹೆಂಗಸರು ಕಡಿಮೆಯಾಗದ ಹಾಗೆ ನೋಡಿಕೊಳ್ಳಬೇಕಾಗುತ್ತದೆ.

ಮಹಿಳಾ ಕಾಲೇಜಾದರೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಬಾಯಿಬಿಡಲು ಹಿಂಜರಿಕೆ ಕಡಿಮೆ, ಹಾಗಾಗಿ ಮೊದಲ ವರ್ಷದಿಂದಲೇ ಪತ್ರಿಕೆಗೆ ಪ್ರಯತ್ನಿಸಿ. ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದವರು ಎಂ.ಎ. ಶುರು ಮಾಡಲು ಯೋಚಿಸುತ್ತಿದ್ದರೆ, ಎರಡು ಕಾಯಂ ಹುದ್ದೆ ಮಂಜೂರಾಗುವ ತನಕ ಸ್ನಾತಕೋತ್ತರ ಡಿಪ್ಲೊಮಾದಲ್ಲೇ ಇರಿ.

ಇನ್ನು ಒಬ್ಬಂಟಿ ಉಪನ್ಯಾಸಕಿಗೆ, ಅಂದರೆ ಮೇ ತಿಂಗಳಲ್ಲಿ ನನಗೆ ಫೋನ್ ಮಾಡುವಾಕೆಗೆ. ಪ್ರಾಚಾರ್ಯರ ಕೊಠಡಿಗೆ ಆಮೇಲೆ ಹೋಗಿ. ಮೊದಲು ವೇಳಾಪಟ್ಟಿ ಬರೆಯುವ ಮೇಷ್ಟ್ರನ್ನು ಹುಡುಕಿ. ಜೂನ್ ಎರಡನೇ ವಾರದಲ್ಲಿ ಅವರು ದೊಡ್ಡ ಹಾಳೆ ಹರಡಿಕೊಂಡು, ಪೆನ್ಸಿಲ್, ರಬ್ಬರು ಹಿಡಿದು ಕೂತಿರುತ್ತಾರೆ. ಆಗ ಒಂದು ಕಾಫಿ ತೆಗೆದುಕೊಂಡು ಹೋಗಿ, ಮಂಗಳವಾರ ಗುರುವಾರ ಹನ್ನೆರಡರ ಗಂಟೆ ಕೇಳಿ. ಅವರು ಪೆನ್ಸಿಲಿನಲ್ಲಿ ಬರೆದರೆ, “ಸಾರ್, ಪೆನ್ನಲ್ಲೇ ಬರೀರಿ” ಅನ್ನಿ.